ಮಸ್ಟ್ಯಾಂಗ್ ಬಿದ್ದ ಮೇಲೆ: ಒಂದು ರಾಗಿ ಹೊಲ ಮತ್ತು ಮುಂದಿನ ವಿಮಾನದ ಆಯ್ಕೆ

ಇದು ಕೋಲಾರ ಜಿಲ್ಲೆಯ ಇಬ್ಬರು ಆರ್‌ಸಿ ವಿಮಾನ, ಅಂದರೆ ನೆಲದಲ್ಲಿ ನಿಂತು ರಿಮೋಟಿನಿಂದ ಹಾರಿಸುವ ಸಣ್ಣ ವಿಮಾನದ, ಹವ್ಯಾಸಿಗಳ ಪ್ರಕರಣ. ಒಬ್ಬರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು, ವಯಸ್ಸು ಐವತ್ತು ದಾಟಿದೆ. ಇನ್ನೊಬ್ಬ ಅವರ ಅಕ್ಕನ ಮಗ, ಆಗ ಡಿಪ್ಲೊಮಾ ಓದುತ್ತಿದ್ದ. ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಶಾಲೆ ಯಾವುದೂ ಇಲ್ಲಿ ಬರುವುದಿಲ್ಲ. ಮೇಷ್ಟ್ರು, ಹುಡುಗ ಎಂದೇ ಕರೆಯುತ್ತೇನೆ. ಗುರುತು ಸಿಗದಿರಲಿ ಎಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಅಳತೆ, ತೂಕ, ಆದ ತಪ್ಪುಗಳನ್ನು ಮುಟ್ಟಿಲ್ಲ.

ಇವರ ಪ್ರಕರಣವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಮೊದಲ ವಿಮಾನ ಯಾವುದು ತಗೊಳ್ಳಲಿ ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ, ಟ್ರೈನರ್ ಅಂತ, ಅಂದರೆ ಕಲಿಯುವವರಿಗೆಂದೇ ಮಾಡಿದ ವಿಮಾನ. ಎರಡನೆಯದು ಯಾವುದು ಅಂತ ಕೇಳಿದಾಗ ಯಾರೂ ಸರಿಯಾಗಿ ಹೇಳುವುದಿಲ್ಲ. ಹವ್ಯಾಸ ಬಿಟ್ಟುಹೋಗುವವರು ಹೆಚ್ಚಾಗಿ ಈ ಎರಡನೆಯದರಲ್ಲೇ ಬಿಟ್ಟುಹೋಗುವುದನ್ನು ನಾನು ನೋಡಿದ್ದೇನೆ.

ಕೆರೆ ಅಂಗಳದ ಎರಡು ವರ್ಷ

ಅವರ ಮೊದಲ ವಿಮಾನ ಫೋಮಿನದು. ರೆಕ್ಕೆ ಮೈಯ ಮೇಲ್ಭಾಗದಲ್ಲಿ ಕೂತಿರುವ ಮಾದರಿ. ರೆಕ್ಕೆಯ ಉದ್ದ 120 ಸೆಂಟಿಮೀಟರ್, ಬ್ಯಾಟರಿ ಸೇರಿ ತೂಕ 780 ಗ್ರಾಂ. ಎರಡೂ ರೆಕ್ಕೆ ತುದಿಯ ಕಡೆ ಸ್ವಲ್ಪ ಮೇಲಕ್ಕೆ ಎದ್ದಿರುತ್ತವೆ. ಇದರಿಂದ ವಿಮಾನ ಒಂದು ಬದಿಗೆ ವಾಲಿದರೂ, ಕೈಯಲ್ಲಿರುವ ರಿಮೋಟಿನ ಸ್ಟಿಕ್ ಬಿಟ್ಟರೆ ತಾನಾಗಿ ನೆಟ್ಟಗಾಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಮುಂದೆ ತೊಂದರೆ ಮೊಳಕೆ ಒಡೆದದ್ದೂ ಇದೇ ಗುಣದಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಹಾರಿಸುತ್ತಿದ್ದದ್ದು ಊರ ಪಕ್ಕದ ಒಣ ಕೆರೆಯ ಅಂಗಳದಲ್ಲಿ. ಕೋಲಾರದವರಿಗೆ ಅಂಥ ಅಂಗಳ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಒಂದು ಬದಿ ಜಾಲಿ, ಮಿಕ್ಕದ್ದೆಲ್ಲ ಬಿರುಕು ಬಿಟ್ಟ ಗಟ್ಟಿ ನೆಲ. ಉದ್ದಕ್ಕೆ 300 ಮೀಟರ್ ಬಯಲು. ಗಾಳಿ ಯಾವ ಕಡೆಯಿಂದ ಬಂದರೂ ಆ ಕಡೆಗೆ ಮುಖ ಮಾಡಿ ಇಳಿಸಬಹುದು. ದೂರದಲ್ಲಿ ತಿರುಗಿಸಿ, ನಿಧಾನಕ್ಕೆ ಎತ್ತರ ಕಳೆದು, ಎಲ್ಲಿ ಇಳಿದರೂ ಸರಿ.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರಲು ಶುರುವಾಯಿತು. ಒಂದಾದ ಮೇಲೊಂದು ಕೆರೆ ತುಂಬುತ್ತಾ ಹೋಯಿತು. ಇವರ ಕೆರೆಗೂ ನೀರು ಬಂತು. ಎಷ್ಟೋ ವರ್ಷ ಬರಿದಾಗಿದ್ದ ಕೆರೆಯಲ್ಲಿ ನೀರು ನೋಡಿ ಊರೇ ಏರಿಯ ಮೇಲೆ ನಿಂತಿತ್ತು, ಮೇಷ್ಟ್ರೂ ನಿಂತಿದ್ದರು. ಅವರಿಗೂ ಸಂತೋಷವೇ. ಆದರೆ ರನ್‌ವೇ ಹೋಯಿತು.

ಹೊಸ ಜಾಗ ಸಿಕ್ಕಿದ್ದು ನೆಂಟರೊಬ್ಬರ ಹೊಲ. ರಾಗಿ ಕೊಯ್ಲಾದ ಮೇಲೆ ಮುಂಗಾರಿಗೆ ಉಳುವವರೆಗೆ ಖಾಲಿ. "ಸುಮ್ನೆ ಬಿದ್ದಿರುತ್ತೆ, ಹಾರಿಸ್ಕೊಳ್ಳಿ ಸಾರ್" ಅಂದರಂತೆ. ಪಡುವಲಕ್ಕೆ ಹಳೆಯ ಮಾವಿನ ತೋಪು. ತೆಂಕಲಕ್ಕೆ ಬೋರ್‌ವೆಲ್‌ಗೆ ಹೋಗುವ ಕರೆಂಟ್ ತಂತಿ. ಹೊಲದ ಉದ್ದವನ್ನು ಯಾರೂ ಅಳೆಯಲಿಲ್ಲ. ಕಣ್ಣಿಗೆ ದೊಡ್ಡದಾಗಿಯೇ ಕಾಣುತ್ತಿತ್ತು. ಟ್ರೈನರ್ ಅಲ್ಲಿ ಹಾಯಾಗಿ ಹಾರಿತು, ಇಳಿಯಿತು. ಹಾಗಾಗಿ ಜಾಗದ ಯೋಚನೆ ಅಲ್ಲಿಗೆ ನಿಂತಿತು. ಹಿಂದಿರುಗಿ ನೋಡಿದರೆ ಈ ಪ್ರಕರಣದ ಮೊದಲ ತಿರುವು ಇದೇ. ಅವತ್ತು ಅದು ತಿರುವು ಅಂತ ಯಾರಿಗೂ ಅನ್ನಿಸಲಿಲ್ಲ.

ಪಿ-51 ಮಸ್ಟ್ಯಾಂಗ್

ಹುಡುಗನಿಗೆ ಮೊದಲಿನಿಂದಲೂ ಎರಡನೇ ಮಹಾಯುದ್ಧದ ಮಸ್ಟ್ಯಾಂಗ್ ಯುದ್ಧವಿಮಾನದ ಮೇಲೆ ಕಣ್ಣು. ಅವನನ್ನು ತಪ್ಪು ಅನ್ನಲಾರೆ. ಆ ಮೂತಿ, ಹೊಟ್ಟೆಯ ಕೆಳಗಿನ ಗಾಳಿಗೂಡು, ಚೂಪಾಗುತ್ತಾ ಹೋಗುವ ರೆಕ್ಕೆ ನೋಡಿದರೆ ಯಾರಿಗೆ ಆಸೆ ಆಗುವುದಿಲ್ಲ ಹೇಳಿ. ಎರಡು ವರ್ಷ ಒಂದೂ ದೊಡ್ಡ ಅಪಘಾತ ಇಲ್ಲದೆ ಹಾರಿಸಿದ್ದ. ಮೇಷ್ಟ್ರು ಸಂಬಳದಲ್ಲಿ ಉಳಿಸಿ ಫೋಮಿನ ಮಸ್ಟ್ಯಾಂಗ್ ತರಿಸಿಕೊಟ್ಟರು. ಜೋಡಿಸಲು ಒಂದು ಸಂಜೆ ಸಾಕಾಯಿತು.

ಜನವರಿಯ ಒಂದು ಬೆಳಿಗ್ಗೆ, ಮೂಡಲ ಗಾಳಿ. ಮೊದಲ ಎರಡು ಹಾರಾಟ ಹೆಚ್ಚು ಕಡಿಮೆ ಸರಿಯಾಗಿ ಮುಗಿದವು. ಇಳಿಯುವಾಗ ಎರಡು ಸಲವೂ ಹೊಲದ ಕೊನೆಯವರೆಗೆ ಓಡಿತ್ತು. ಎರಡನೇ ಸಲ ಬದುವಿಗೆ ತಗುಲಿ ಪ್ರೊಪೆಲ್ಲರ್ ಮುರಿದಿತ್ತು. ಅದಕ್ಕೇ ಮೂರನೇ ಸಲ ಹುಡುಗ ಇನ್ನೂ ನಿಧಾನವಾಗಿ ತರಬೇಕು ಅಂದುಕೊಂಡ. ತೋಪಿನ ಮೇಲಿಂದ ಬರುವ ಬದಲು ತೋಪಿನ ಅಂಚಿಗೇ, ಹೊಲದ ಒಳಬದಿಯಲ್ಲೇ ತಿರುಗಿಸಿದ. ಥ್ರಾಟಲ್, ಅಂದರೆ ಮೋಟಾರಿನ ವೇಗ, ಇಳಿಸಿದ್ದ. ತಿರುವು ಸಾಲದು ಅನ್ನಿಸಿ ವಿಮಾನವನ್ನು ಇನ್ನಷ್ಟು ವಾಲಿಸಿ ಮೂತಿ ಎತ್ತುವ ಬಾಲದ ಪಟ್ಟಿ, ಅಂದರೆ ಎಲಿವೇಟರ್, ಎಳೆದ. ಎಡ ರೆಕ್ಕೆ ದಿಢೀರನೆ ಕೆಳಗೆ ಬಿತ್ತು. ಹುಡುಗ ಸ್ಟಿಕ್ ಬಿಟ್ಟುಬಿಟ್ಟ. ಮಸ್ಟ್ಯಾಂಗ್ ಮೂತಿ ಕೆಳಗಾಗಿ ಅವರೆ ಸಾಲಿನ ನಡುವೆ ನೆಟ್ಟಿತು.

"ಸ್ಟಿಕ್ ಬಿಟ್ಟೆ ಮಾವ, ಆದ್ರೂ ಎದ್ದೇಳಲಿಲ್ಲ" ಅಂತ ಅವನು ಅತ್ತನಂತೆ. ಮೇಷ್ಟ್ರು ಈ ಮಾತನ್ನು ನನಗೆ ಫೋನಿನಲ್ಲಿ ಹೇಳಿದಾಗ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಟ್ರೈನರ್ ಎರಡು ವರ್ಷ ಅವನ ಬೆರಳಿಗೆ ಒಂದು ಅಭ್ಯಾಸ ಮಾಡಿಸಿತ್ತು: ಗಾಬರಿಯಾದರೆ ಬಿಡು. ಮಸ್ಟ್ಯಾಂಗಿನ ರೆಕ್ಕೆ ಮೈಯ ಕೆಳಗಡೆ ಇರುತ್ತದೆ. ತಾನಾಗಿ ನೆಟ್ಟಗಾಗುವ ಗುಣ ಅದರಲ್ಲಿ ತುಂಬ ಕಡಿಮೆ. ವಾಲಿದ್ದನ್ನು ನೀವೇ ಎತ್ತಬೇಕು.

ಟೇಪು ಹಿಡಿದು ಹೊಲಕ್ಕೆ

ಆ ಭಾನುವಾರ ನಾನು ಹೋದಾಗ ಮನೆಯಲ್ಲಿ ಎರಡು ವಾದ ನಡೆಯುತ್ತಿದ್ದವು. ಬ್ಯಾಟರಿ ಕೈಕೊಟ್ಟಿತು ಅಂತ ಮೇಷ್ಟ್ರು. ನನ್ನ ಕೈಯೇ ಸರಿ ಇಲ್ಲ, ಇನ್ನು ಹಾರಿಸಲ್ಲ ಅಂತ ಹುಡುಗ. ಬ್ಯಾಟರಿ ಅಳೆದೆವು. ಮೂರೂ ಸೆಲ್‌ಗಳಲ್ಲಿ 3.8 ವೋಲ್ಟ್ ಇತ್ತು, ಅಂದರೆ ಅರ್ಧದಷ್ಟು ಚಾರ್ಜ್ ಉಳಿದಿತ್ತು. ಅಲ್ಲಿಗೆ ಒಂದು ವಾದ ಮುಗಿಯಿತು.

ಎರಡನೆಯದಕ್ಕೆ ತಕ್ಕಡಿ ಬೇಕಾಯಿತು. ಅಡಿಗೆಮನೆಯ ಡಿಜಿಟಲ್ ತಕ್ಕಡಿ ತಂದು ಎರಡೂ ವಿಮಾನ ತೂಗಿದೆವು. ಆಮೇಲೆ ರೆಕ್ಕೆಯ ವಿಸ್ತೀರ್ಣ ಲೆಕ್ಕ ಹಾಕಿದೆವು. 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಒಂದು ಚೌಕ, ಹೆಚ್ಚು ಕಡಿಮೆ ಒಂದು ಅಂಗೈ ಅಂದುಕೊಳ್ಳಿ. ಟ್ರೈನರ್ ರೆಕ್ಕೆಯಲ್ಲಿ ಅಂಥ 24 ಚೌಕ ಇವೆ. 780 ಗ್ರಾಂ ಹಂಚಿದರೆ ಒಂದೊಂದು ಚೌಕ 32 ಗ್ರಾಂಗಿಂತ ಸ್ವಲ್ಪ ಜಾಸ್ತಿ ಹೊರುತ್ತದೆ. ಮಸ್ಟ್ಯಾಂಗಿನಲ್ಲಿ 20 ಚೌಕ, ತೂಕ 1150 ಗ್ರಾಂ. ಚೌಕಕ್ಕೆ 57 ಗ್ರಾಂ ದಾಟಿತು. ಮುಕ್ಕಾಲು ಪಾಲು ಹೆಚ್ಚು ಹೊರೆ!

ಹೊರೆ ಹೆಚ್ಚಿದಷ್ಟೂ ವಿಮಾನ ಜೋರಾಗಿ ಓಡುತ್ತಲೇ ಇರಬೇಕು, ಇಲ್ಲದಿದ್ದರೆ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ವಿಮಾನವನ್ನು ಹೊರಲಾರದೆ ಬಿಟ್ಟುಬಿಡುತ್ತದೆ. ಮೇಷ್ಟ್ರು ತಾವೇ ಕೂತು ಲೆಕ್ಕ ಮಾಡಿದರು. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿ ಸ್ವಲ್ಪ ತೆಳು. ಅದನ್ನೂ ಸೇರಿಸಿಕೊಂಡರು. ಟ್ರೈನರ್ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದವರೆಗೂ ತೇಲುತ್ತದೆ. ಮಸ್ಟ್ಯಾಂಗ್‌ಗೆ ಸುಮಾರು 35 ಬೇಕು. ಅದೂ ನೇರ ಹಾರುವಾಗ. ವಿಮಾನವನ್ನು 45 ಡಿಗ್ರಿ ವಾಲಿಸಿ, ಎತ್ತರ ಕಳೆಯದೆ ತಿರುಗಿಸಿದರೆ ಅದು ಇನ್ನೂ ಸುಮಾರು ಶೇಕಡ 19 ಹೆಚ್ಚುತ್ತದೆ, 41ರ ಹತ್ತಿರ. 60 ಡಿಗ್ರಿ ವಾಲಿಸಿದರೆ ಶೇಕಡ 41 ಹೆಚ್ಚಿ 49 ಆಗುತ್ತದೆ. ತೋಪಿನ ಅಂಚಿನ ಆ ತಿರುವಿನಲ್ಲಿ ಹುಡುಗ ಕೇಳಿದ್ದು ಇದನ್ನೇ: ನಿಧಾನ ಹೋಗು, ಜೋರಾಗಿ ತಿರುಗು. ಎರಡೂ ಒಟ್ಟಿಗೆ ಆಗುವುದಿಲ್ಲ. ಚೂಪಾಗುತ್ತಾ ಹೋಗುವ ರೆಕ್ಕೆಯಲ್ಲಿ ತುದಿಯೇ ಮೊದಲು ಸ್ಟಾಲ್ ಆಗುವುದು ಜಾಸ್ತಿ. ಅದಕ್ಕೇ ಮೂತಿ ತಗ್ಗುವ ಮೊದಲು ಒಂದು ರೆಕ್ಕೆ ಬಿತ್ತು.

ಹಾಗಾದರೆ ಅವನು ಯಾಕೆ ಅಂಚಿಗೇ ತಿರುಗಿಸಿದ? ಇದಕ್ಕೆ ಉತ್ತರ ಹೊಲದಲ್ಲಿತ್ತು. ಸಂಜೆ 30 ಮೀಟರಿನ ಟೇಪು ಹಿಡಿದು ಮೂವರೂ ಹೋದೆವು. ಉದ್ದ 90 ಮೀಟರ್. ಅಗಲ 40 ಮೀಟರ್. ಮಾವಿನ ಮರಗಳು 8 ಮೀಟರ್ ಎತ್ತರ. ಮಸ್ಟ್ಯಾಂಗಿನಂಥ ನುಣುಪು ಮೈಯ ವಿಮಾನ ಒಂದು ಮೀಟರ್ ಇಳಿಯಲು ಸುಮಾರು 8 ಮೀಟರ್ ಮುಂದೆ ಹೋಗುತ್ತದೆ ಅಂತ ಇಟ್ಟುಕೊಂಡೆವು. ಮರದ ತುದಿ ಸವರಿಕೊಂಡೇ ಬಂದರೂ ನೆಲ ಮುಟ್ಟುವ ಹೊತ್ತಿಗೆ 64 ಮೀಟರ್ ಮುಗಿದಿರುತ್ತದೆ. ಓಡಲು ಉಳಿಯುವುದು 26 ಮೀಟರ್. ಆಮೇಲೆ ಬದು.

ಮೇಷ್ಟ್ರು ಟೇಪು ಸುತ್ತುತ್ತಾ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗನಿಗೆ ಹೇಳಿದರು: "ತಪ್ಪು ನಿನ್ನ ಕೈದಲ್ಲ ಕಣಪ್ಪ. ಕೆರೆ ಅಂಗಳಕ್ಕೆ ಸರಿಹೋಗೋ ವಿಮಾನಾನ ಹೊಲದಲ್ಲಿ ಇಳಿಸು ಅಂದ್ವಿ."

ನನ್ನ ಪ್ರಕಾರ ಈ ಪ್ರಕರಣದ ನಡುಗಂಬ ಈ ಸಂಜೆ. ಹುಡುಗ ಹವ್ಯಾಸ ಬಿಡದೆ ಉಳಿದದ್ದೂ ಅವತ್ತೇ. ಕೈ ಸರಿ ಇಲ್ಲ ಅನ್ನುವ ನಾಚಿಕೆಯ ಜಾಗದಲ್ಲಿ ಒಂದು ಲೆಕ್ಕ ಬಂದು ಕೂತಿತು. ಲೆಕ್ಕವನ್ನಾದರೆ ಸರಿಮಾಡಬಹುದು, ಅಲ್ವಾ?

ಮೂರು ಆಯ್ಕೆ, ಒಂದು ಪ್ರಶ್ನೆ

ಮುಂದಿನ ಎರಡು ತಿಂಗಳು ಹೊಸದು ಯಾವುದು ಅನ್ನುವ ಚರ್ಚೆ. ಮೂರು ವಿಮಾನ ಮುಂದೆ ಇದ್ದವು.

ಮೇಷ್ಟ್ರಿಗೆ ಇನ್ನೊಂದು ಟ್ರೈನರ್ ಬೇಕಿತ್ತು, ಸ್ವಲ್ಪ ದೊಡ್ಡದು, ಬಾಲ್ಸಾ ಮರದ ತುಂಡು ಜೋಡಿಸಿ ನಾವೇ ಕಟ್ಟುವ ಕಿಟ್. ಮತ್ತೆ ಬೀಳಬಾರದು ಅನ್ನುವುದೊಂದೇ ಅವರ ಮನಸ್ಸಿನಲ್ಲಿತ್ತು. ಹುಡುಗ ಈಗ ಎರಡು ಮೀಟರ್ ರೆಕ್ಕೆಯ ಮೋಟಾರ್ ಗ್ಲೈಡರ್, ಅಂದರೆ ಮೋಟಾರಿನಿಂದ ಏರಿ ಆಮೇಲೆ ಗಾಳಿಯಲ್ಲಿ ತೇಲುವ ವಿಮಾನದ ಕಡೆ ವಾಲಿದ್ದ. ಹಗುರ, ನಿಧಾನ, ಸ್ಟಾಲ್ ಭಯ ಇಲ್ಲ ಅನ್ನುವುದು ಅವನ ವಾದ. ನಾನು ಹೇಳಿದ್ದು ಸ್ಟಿಕ್ ಮಾದರಿಯ ಒಂದು ಬಾಲ್ಸಾ ಕಿಟ್. 1960ರ ದಶಕದಲ್ಲಿ ಅಮೆರಿಕದ ಫಿಲ್ ಕ್ರಾಫ್ಟ್ ರೂಪಿಸಿದ 'ಅಗ್ಲಿ ಸ್ಟಿಕ್' ವಿಮಾನದ ವಂಶ ಇದು. ಮೈ ಒಂದು ಉದ್ದ ಪೆಟ್ಟಿಗೆ, ರೆಕ್ಕೆ ಒಂದು ಹಲಗೆಯಂತೆ ನೇರ. ಚಂದ ಅಂತ ಯಾರೂ ಅನ್ನುವುದಿಲ್ಲ, ಹೆಸರಿನಲ್ಲೇ ಅದನ್ನು ಒಪ್ಪಿಕೊಂಡಿದೆ. ಆದರೆ ಅಷ್ಟು ವರ್ಷಗಳಿಂದ ಜನ ಅದನ್ನು ಕಟ್ಟುತ್ತಲೇ ಇದ್ದಾರೆ.

ಯಾವುದು ಚೆನ್ನಾಗಿದೆ ಅಂತ ಹೋಲಿಸುವುದನ್ನು ಬಿಡೋಣ ಅಂದೆ. ಹುಡುಗನ ಕೈಗೆ ಈಗ ಏನು ಬರುವುದಿಲ್ಲ, ಅದನ್ನು ಈ ಹೊಲದಲ್ಲಿ ಯಾವ ವಿಮಾನ ಕಲಿಸುತ್ತದೆ? ಈ ಒಂದೇ ಪ್ರಶ್ನೆ ಇಟ್ಟುಕೊಂಡೆವು.

ಹೀಗೆ ಕೇಳಿದಾಗ ಟ್ರೈನರ್ ತಾನಾಗಿಯೇ ಬಿದ್ದುಹೋಯಿತು. ಅವನಿಗೆ ಬಾರದಿದ್ದದ್ದು ವಾಲಿದ ವಿಮಾನವನ್ನು ತಾನೇ ಎತ್ತುವುದು. ಟ್ರೈನರ್ ಅದನ್ನು ಅವನ ಬದಲು ಮಾಡಿಕೊಡುತ್ತದೆ. ಗ್ಲೈಡರ್ ಹೊಲಕ್ಕೆ ಹೊಂದಲಿಲ್ಲ. ಅದು ಇಳಿಯಲೇ ಒಲ್ಲದ ವಿಮಾನ, ಒಂದು ಮೀಟರ್ ಇಳಿಯಲು 15 ಮೀಟರ್ ತೇಲಿದರೂ ಆಶ್ಚರ್ಯವಿಲ್ಲ. ದೊಡ್ಡ ಸುತ್ತು ಹೊಡೆಯಲು ತೋಪು, ಕರೆಂಟ್ ತಂತಿ ಎರಡನ್ನೂ ದಾಟಬೇಕು. ತಂತಿಯ ಆಚೆಗೆ ಎಂದೂ ಹೋಗಬಾರದು ಅನ್ನುವುದು ನಮ್ಮ ಕಟ್ಟುನಿಟ್ಟಿನ ನಿಯಮವಾಗಿತ್ತು.

ಸ್ಟಿಕ್ ವಿಮಾನದ ಲೆಕ್ಕ ಹೀಗೆ ಬಂತು. ರೆಕ್ಕೆ 130 ಸೆಂಟಿಮೀಟರ್ ಉದ್ದ, 26 ಅಗಲ, ಅಂದರೆ ಸುಮಾರು 34 ಚೌಕ. 1350 ಗ್ರಾಂ ಒಳಗೆ ಕಟ್ಟಿದರೆ ಚೌಕಕ್ಕೆ 40 ಗ್ರಾಂ. ಸ್ಟಾಲ್ ವೇಗ ಸುಮಾರು 29. ಪೆಟ್ಟಿಗೆಯಂಥ ಮೈ ಗಾಳಿಗೆ ಅಡ್ಡ ನಿಲ್ಲುವುದರಿಂದ ಬೇಗ ಇಳಿಯುತ್ತದೆ. 5 ಮೀಟರಿಗೆ ಒಂದು ಅಂತ ಹಿಡಿದರೆ ತೋಪಿನಿಂದ 40 ಮೀಟರಿನಲ್ಲಿ ನೆಲ. ಇನ್ನೂ 50 ಉಳಿಯುತ್ತದೆ. ರೆಕ್ಕೆಯ ತುದಿಯೂ ಬುಡದಷ್ಟೇ ಅಗಲ, ಹಾಗಾಗಿ ಸ್ಟಾಲ್ ಆದರೂ ಒಂದು ಬದಿ ದಿಢೀರನೆ ಬೀಳುವುದು ಕಡಿಮೆ. ರಿಮೋಟಿನ ಸ್ಟಿಕ್ ಬಿಟ್ಟರೆ ಮಾತ್ರ ಇದೂ ತಾನಾಗಿ ನೆಟ್ಟಗಾಗುವುದಿಲ್ಲ. ಅದೇ ಬೇಕಾಗಿದ್ದದ್ದು. ತೂಕ ಎರಡು ಕೆ.ಜಿ. ಒಳಗೆ ಇರುವುದೂ ಅನುಕೂಲವಾಯಿತು. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂನಿಂದ 2 ಕೆ.ಜಿ.ವರೆಗಿನದು 'ಮೈಕ್ರೊ' ವರ್ಗ, ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಲೈಸೆನ್ಸ್ ಬೇಕಿಲ್ಲ. ಡ್ರೋನ್‌ಗಳಿಗೆಂದು ಸರ್ಕಾರ ಮಾಡಿದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹೊಲ ಹಸಿರು ವಲಯದಲ್ಲಿದೆ, ಅಂದರೆ ಹಾರಿಸಲು ಮೊದಲೇ ಅನುಮತಿ ಬೇಕಿಲ್ಲದ ಜಾಗದಲ್ಲಿದೆ ಅಂತ ನೋಡಿಕೊಂಡೆವು.

ಹುಡುಗ ಒಪ್ಪಿದ, ಮನಸಾರೆ ಅಲ್ಲ. "ಡಬ್ಬ ಥರ ಇದೆ ಮಾವ" ಅಂದ.

ಆಷಾಢದಲ್ಲಿ ಕಟ್ಟಿದ್ದು

ಆಷಾಢದ ಗಾಳಿಯಲ್ಲಿ ನಮ್ಮ ಕಡೆ ಗಾಳಿಪಟ ಏರುತ್ತದೆ, ಸಣ್ಣ ವಿಮಾನ ಏರಬಾರದು. ಹೊಲವೂ ಬಿತ್ತನೆಗೆ ಹೋಗಿತ್ತು. ಕಿಟ್ ಕಟ್ಟಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಹಳೆಯ ಬಾಗಿಲ ಹಲಗೆಯನ್ನು ಮೇಜು ಮಾಡಿಕೊಂಡು, ನಕ್ಷೆ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಗುಂಡುಸೂಜಿ ಚುಚ್ಚಿ ರೆಕ್ಕೆ ಜೋಡಿಸಿದರು. ಹನ್ನೊಂದು ವಾರ ಹಿಡಿಯಿತು.

ಮೇಷ್ಟ್ರು ಒಂದು ತೂಕದ ಪುಸ್ತಕ ಇಟ್ಟರು. ಪ್ರತಿ ತುಂಡು, ಪ್ರತಿ ಸಲ ಅಂಟು ಹಾಕಿದ ಮೇಲೆ, ತಕ್ಕಡಿಗೆ. ಬಾಲ್ಸಾ ಹಗುರ ಮರ, ಆದರೆ ಒಂದು ಹಾಳೆಗೂ ಇನ್ನೊಂದಕ್ಕೂ ತೂಕದಲ್ಲಿ ದುಪ್ಪಟ್ಟು ವ್ಯತ್ಯಾಸ ಇರಬಹುದು. ಬಾಲಕ್ಕೆ ಹಗುರವಾದ ಹಾಳೆ, ಮೂತಿಗೆ ಭಾರದ್ದು ಆರಿಸಿಟ್ಟರು. ನಡುವೆ ಹುಡುಗ ದೊಡ್ಡ ಮೋಟಾರ್, ನಾಲ್ಕು ಸೆಲ್ ಬ್ಯಾಟರಿ ಹಾಕೋಣ ಅಂದ. ಪುಸ್ತಕ ತೆಗೆದು ತೋರಿಸಿದರು: ಇನ್ನೂ 190 ಗ್ರಾಂ, ಚೌಕಕ್ಕೆ 5 ಗ್ರಾಂಗಿಂತ ಜಾಸ್ತಿ. ಅವನೇ ಬೇಡ ಅಂದ. ಮಸ್ಟ್ಯಾಂಗಿನ ಸರ್ವೋ (ರೆಕ್ಕೆ, ಬಾಲದ ಪಟ್ಟಿ ಆಡಿಸುವ ಸಣ್ಣ ಮೋಟಾರ್), ರಿಸೀವರ್ (ರಿಮೋಟಿನ ಸಂಕೇತ ಹಿಡಿಯುವ ಸಾಧನ), ಬ್ಯಾಟರಿಗಳೇ ಇದಕ್ಕೆ ಬಂದವು.

ಒಂದು ತಪ್ಪು ಆಯಿತು. ಹೊದಿಕೆಯ ಫಿಲ್ಮನ್ನು ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡಿ ಬಿಗಿ ಮಾಡುವಾಗ ಮೇಲ್ಭಾಗ ಪೂರ್ತಿ ಮುಗಿಸಿ ಆಮೇಲೆ ಕೆಳಭಾಗಕ್ಕೆ ಹೋದರು. ಬಲ ರೆಕ್ಕೆ ತಿರುಚಿಕೊಂಡಿತು, ತುದಿಯಲ್ಲಿ ಎಂಟು ಮಿಲಿಮೀಟರ್. ಹಾಗೇ ಹಾರಿಸಿದ್ದರೆ ಒಂದೇ ಬದಿಗೆ ಉರುಳುತ್ತಿತ್ತು. ಒಬ್ಬರು ರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಚಿ ಹಿಡಿದು, ಇನ್ನೊಬ್ಬರು ಮತ್ತೆ ಇಸ್ತ್ರಿ ಆಡಿಸಿ ನೇರ ಮಾಡಿದರು. ಕಟ್ಟುವವರು ಇದನ್ನು ನೆನಪಿಡಿ: ಎರಡೂ ಮುಖಗಳನ್ನು ಸ್ವಲ್ಪ ಸ್ವಲ್ಪವಾಗಿ, ಸರದಿಯಲ್ಲಿ ಬಿಗಿ ಮಾಡಬೇಕು.

ಕೊನೆಗೆ ತೂಕ 1410 ಗ್ರಾಂ. ಗುರಿಗಿಂತ 60 ಜಾಸ್ತಿ. ಬಾಲವೂ ಭಾರವಾಗಿತ್ತು. ಮೂತಿಗೆ ಸೀಸ ಕಟ್ಟುವ ಬದಲು ಬ್ಯಾಟರಿಯ ಗೂಡನ್ನೇ ಮುಂದಕ್ಕೆ ಕತ್ತರಿಸಿ ಸರಿಸಿದರು. ತೂಕದ ಕೇಂದ್ರ ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಶೇಕಡ 28ರಲ್ಲಿ ಬಂದು ಕೂತಿತು.

ಹಾರಿದ್ದು

ಡಿಸೆಂಬರ್‌ನಲ್ಲಿ ರಾಗಿ ಕೊಯ್ಲಾಯಿತು. ಎರಡು ಭಾನುವಾರ ಗಾಳಿ ಜಾಸ್ತಿ ಅಂತ ವಾಪಸ್ ಬಂದರು. ವಾಪಸ್ ಬಂದ ಆ ಎರಡು ದಿನಗಳನ್ನು ನಾನು ಅವರ ಒಳ್ಳೆಯ ನಿರ್ಧಾರಗಳಲ್ಲಿ ಸೇರಿಸುತ್ತೇನೆ. ಮೂರನೇ ಭಾನುವಾರ ಮಂಜು ಕರಗುವ ಹೊತ್ತಿಗೆ ಗಾಳಿ ನಿಂತಿತ್ತು. ಸ್ಟಿಕ್ ವಿಮಾನ ಹದಿನೈದು ಮೀಟರ್ ಓಡಿ ಎದ್ದಿತು. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಮೊದಲು ಮಾಡಿದ್ದು ಸ್ಟಾಲ್. ಥ್ರಾಟಲ್ ಇಳಿಸಿ, ಎಲಿವೇಟರ್ ಎಳೆದು, ಎಲ್ಲಿ ಬೀಳುತ್ತದೆ ನೋಡಿದರು. ಮೂತಿ ತಗ್ಗಿತು, ರೆಕ್ಕೆ ಬೀಳಲಿಲ್ಲ. ಹುಡುಗ ಅದನ್ನು ಆರು ಸಲ ಮಾಡಿದ. ಆಮೇಲೆ ವಾಲಿಸಿ ಕೈಯಿಂದಲೇ ಎತ್ತುವುದು, ಬ್ಯಾಟರಿಯ ಟೈಮರ್ ಕೂಗುವವರೆಗೆ.

ಎಲ್ಲವೂ ಸಲೀಸಾಗಲಿಲ್ಲ. ಮೊದಲ ತಿಂಗಳಲ್ಲಿ ನಾಲ್ಕು ಪ್ರೊಪೆಲ್ಲರ್ ಮುರಿದವು. ರಾಗಿ ಕೂಳೆಗೆ, ಅವರೆ ಬುಡಕ್ಕೆ ಸಣ್ಣ ಚಕ್ರ ಸಿಕ್ಕಿ ವಿಮಾನ ಮೂತಿಗೆ ಬೀಳುತ್ತಿತ್ತು. ಕಿಟ್‌ನಲ್ಲಿ ಬಂದ ಚಕ್ರ ತೆಗೆದು 90 ಮಿಲಿಮೀಟರಿನದು ಹಾಕಿದರು. ಹೊಲದವರನ್ನು ಕೇಳಿ 40 ಮೀಟರ್ ಉದ್ದ, 6 ಮೀಟರ್ ಅಗಲ ಕೂಳೆ ಕೆತ್ತಿ ಕಲ್ಲು ಆರಿಸಿದರು. ಇದನ್ನು ಮಸ್ಟ್ಯಾಂಗಿಗಿಂತ ಮೊದಲೇ ಮಾಡಬಹುದಿತ್ತು. ಒಂದು ಸಲ ರೆಕ್ಕೆ ಬದುವಿಗೆ ಬಡಿಯಿತು. ಬೋಲ್ಟ್ ಬದಲು ರಬ್ಬರ್ ಬ್ಯಾಂಡ್ ಹಾಕಿ ರೆಕ್ಕೆ ಕಟ್ಟಿದ್ದರಿಂದ ಅದು ಕಳಚಿ ಪಕ್ಕಕ್ಕೆ ಬಿತ್ತು, ಮೈಗೆ ಏನೂ ಆಗಲಿಲ್ಲ.

ಯುಗಾದಿಯ ಹೊತ್ತಿಗೆ ಪುಸ್ತಕದಲ್ಲಿ 47 ಹಾರಾಟ ಬರೆದಿತ್ತು. ಹುಡುಗ ತಲೆಕೆಳಗಾಗಿ ಹಾರಿಸುವುದನ್ನು ಕಲಿತಿದ್ದ. ಅದಕ್ಕಿಂತ ನನಗೆ ಸಂತೋಷ ಕೊಟ್ಟದ್ದು ಬೇರೆ. ಮಾರ್ಚ್‌ನಲ್ಲಿ ಒಮ್ಮೆ ಇಳಿಯುವಾಗ ಅಡ್ಡ ಗಾಳಿ ಬೀಸಿ ವಿಮಾನ ತೋಪಿನ ಕಡೆ ವಾಲಿತು. ಅವನ ಬೆರಳು ಸ್ಟಿಕ್ ಬಿಡಲಿಲ್ಲ. ಥ್ರಾಟಲ್ ಏರಿಸಿದ, ರೆಕ್ಕೆ ನೇರ ಮಾಡಿದ, ಇನ್ನೊಂದು ಸುತ್ತು ಬಂದ.

ಮಸ್ಟ್ಯಾಂಗನ್ನು ಅವರು ಎಸೆಯಲಿಲ್ಲ. ಮುರಿದ ಮೂತಿಯನ್ನು ಬೇಸಿಗೆಯಲ್ಲಿ ಅಂಟಿಸಿ ಸರಿಮಾಡಿದ್ದಾರೆ. ಆ ಹೊಲದಲ್ಲಿ ಹಾರಿಸುವುದಿಲ್ಲ ಅಂತ ಇಬ್ಬರೂ ಒಪ್ಪಿಕೊಂಡಿದ್ದಾರೆ. ಹತ್ತು ಕಿಲೋಮೀಟರ್ ಆಚೆ ಬೆಳೆ ಇಡದೆ ಬಿಟ್ಟ ಒಂದು ದೊಡ್ಡ ಬಯಲು ಇದೆ, ಮರ ಇಲ್ಲ, ತಂತಿ ಇಲ್ಲ ಅಂತ ಹುಡುಗನಿಗೆ ಯಾರೋ ಹೇಳಿದ್ದಾರೆ. ಕಳೆದ ವಾರ ಅವನು ಮಾವನ ಸ್ಕೂಟರ್ ತಗೊಂಡು ಅಲ್ಲಿಗೆ ಹೋಗಿ ಬಂದ. ವಿಮಾನ ಒಯ್ದಿರಲಿಲ್ಲ. ಡಿಕ್ಕಿಯಲ್ಲಿ ಟೇಪು ಮಾತ್ರ ಇತ್ತು. ಉದ್ದ 210 ಮೀಟರ್ ಅಂತ ರಾತ್ರಿ ನನಗೆ ಮೆಸೇಜ್ ಮಾಡಿದ್ದಾನೆ. ಇನ್ನು ಜಾಗದ ಮಾಲೀಕರನ್ನು ಕೇಳಬೇಕು.